ಚಪ್ಪಲಿ ಹೊತ್ತು ಬಂದ ವೈನಿ

ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಹಳದಿ ಹೆಲ್ಮೆಟ್ಟು. ಗದ್ದದ ಕೆಳಗೆ ಬಿಗಿದ ಅದರ ಪಟ್ಟಿ ಎರಡೂ ಕೆನ್ನೆಯ ಮೇಲೆ ಕೆಂಪು ಗೆರೆ ಎಳೆದಿರುತ್ತಿತ್ತು. ಸೀರೆಯ ನಿರಿಗೆ ಮುಗಿಯುವಲ್ಲಿ ಗಂಡಸರ ಅಳತೆಯ ಕರಿ ಬೂಟು. ಹೆಂಗಸರ ಕಾಲಿಗೆ ಆಗುವ ಅಂಥ ಬೂಟು ಹುಮನಾಬಾದಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲವೆಂದು, ತುದಿಗೆ ಹಳೇ ಬಟ್ಟೆ ತುರುಕಿಕೊಂಡು ಅದನ್ನೇ ಮೆಟ್ಟಿಕೊಳ್ಳುತ್ತಿದ್ದರು. ನಡೆದು ಬಂದರೆ ಧಪ್ ಧಪ್ ಎಂದು ಎಮ್ಮೆ ಬಂದ ಸಪ್ಪಳ. ಮೊದಲ ದಿನ ನಮ್ಮ ಕಲ್ಲು ಖಣಿಯ ಗಂಡಸರೆಲ್ಲ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕರು. ನಾನು ಟವೆಲ್ಲು ಹಿಡಿಯುವ ತ್ರಾಸು ಕೂಡ ತೆಗೆದುಕೊಳ್ಳಲಿಲ್ಲ.

ಅವರು ನಮ್ಮ ಮಾಲಕರ ಸೊಸೆ. ಕೊಹಿನೂರದ ಒಕ್ಕಲುತನದ ಮನೆಯಿಂದ ಬಂದವರು. ಮಾಲಕರಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ, ಮಗನಿಗೆ ಧೂಳಿನಿಂದ ದಮ್ಮು ಏಳುತ್ತದೆಂದು ಸೊಸೆಯೇ ಖಣಿಗೆ ಬಂದು ನಿಂತರು. ಯಾರೋ ಒಬ್ಬ ಹುಡುಗು ಬುದ್ಧಿಯ ಲಾರಿ ಡ್ರೈವರ್ ಮೊದಲ ವಾರ 'ಮ್ಯಾಡಮ್' ಅಂದ. ಅವರು ಅವನನ್ನು ಹತ್ತಿರ ಕರೆದರು.

"ಮ್ಯಾಡಮ್ ಅಂದ್ರ ಬ್ಯಾಂಕಿನಾಕಿ ಅನಸ್ತದ. ವೈನಿ ಅನ್ರಿ. ವೈನಿ ಮಾತ ಕೇಳ್ದಿದ್ರ ಮನ್ಯಾಗ ಊಟ ಸಿಗಂಗಿಲ್ಲ, ಗೊತ್ತದಲ್ಲ?"

ವೈನಿ ಅಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಅವತ್ತಿನಿಂದ ಅಜ್ಜನ ವಯಸ್ಸಿನವರಿಗೂ ಅವರು ವೈನಿಯೇ ಆದರು.

ನಮ್ಮದು ಕರಿಕಲ್ಲಿನ ಖಣಿ. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ, ತೊಗರಿ ಹೊಲಗಳ ನಡುವೆ ಒಮ್ಮೆಲೇ ನೆಲ ಬಾಯಿ ತೆರೆದುಕೊಳ್ಳುತ್ತದೆ. ಕೆಳಗೆ ಕಲ್ಲು ಒಡೆಯುತ್ತಾರೆ. ಮೇಲೆ ಕಂಕರ್ ಮಷೀನು ಅದನ್ನು ಅಗಿದು ಜಲ್ಲಿ ಮಾಡುತ್ತದೆ. ಲಾರಿ ತೂಗುವ ಕಾಟಾದ ಕೋಣೆಯಲ್ಲಿ ನಾನು ಗುಮಾಸ್ತ. ನನ್ನ ಅಣ್ಣ ಕೆಳಗೆ, ಕಲ್ಲಿಗೆ ತೂತು ಕೊರೆಯುವ ಡ್ರಿಲ್ಲಿನ ಮೇಲೆ. ಅದಕ್ಕೂ ಮುಂಚೆ ಆ ಡ್ರಿಲ್ಲು ನಮ್ಮಪ್ಪನ ಕೈಯಲ್ಲಿತ್ತು.

ಅಪ್ಪನ ಸುದ್ದಿ ಹೇಳದೆ ವೈನಿಯ ಸುದ್ದಿ ಹೇಳಲು ಬರುವುದಿಲ್ಲ.

ಖಣಿಗೆ ಇಳಿಯುವ ದಾರಿಯ ತಲೆಗೆ ಒಂದು ಬೇವಿನ ಗಿಡ. ಅದರ ಬುಡದಲ್ಲಿ ಅರಿಸಿನ ಕುಂಕುಮ ಮೆತ್ತಿಕೊಂಡ ಒಂದು ಗುಂಡುಕಲ್ಲು. ಅದೇ ಖಣಿಯವ್ವ. ಕೆಳಗೆ ಇಳಿಯುವವರು ಅಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು, ಬರಿಗಾಲಲ್ಲಿ ಇಳಿಯುವುದು ನಮ್ಮ ಖಣಿಯ ಪದ್ಧತಿ. ಇಳಿಯುವುದು ಭೂಮಿತಾಯಿಯ ಹೊಟ್ಟೆಯೊಳಕ್ಕೆ, ಅಲ್ಲಿ ಚಪ್ಪಲಿ ಮೆಟ್ಟುವುದೇ ಎಂಬ ಮಾತು. ಸಂಜೆ ಮೇಲೆ ಬಂದು ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ಮಂಠಾಳದವರು ಮಂಠಾಳಕ್ಕೆ, ಬೇಮಳಖೇಡದವರು ಬೇಮಳಖೇಡಕ್ಕೆ ಹೋಗುವರು.

ಅಪ್ಪನ ಕಾಲಕ್ಕೆ ಖಣಿಯ ಗೋಡೆ ನೆಟ್ಟಗೆ ಬಾವಿಯ ಗೋಡೆಯಂತೆ ಇತ್ತು. ಬುಡದಲ್ಲಿ ಕೊರೆದು ಮೇಲಿನದನ್ನು ಕೆಡವುವುದು ಎಲ್ಲಕ್ಕಿಂತ ಜಲ್ದಿ ಆಗುವ ಕೆಲಸ. ಅಪ್ಪ ಬುಡದಲ್ಲಿ ಕೊರೆಯುತ್ತಿದ್ದಾಗ ಮೇಲಿನ ಹಾಸುಗಲ್ಲು ಯಾರಿಗೂ ಹೇಳದೆ ಕೇಳದೆ ಇಳಿದುಬಿಟ್ಟಿತು. ಅಪ್ಪನನ್ನು ಹೊತ್ತುಕೊಂಡು ಹೋದರು. ಸಂಜೆ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ಬೇವಿನ ಗಿಡದ ಕೆಳಗೆ ಒಂದು ಜೋಡಿ ಉಳಿಯಿತು.

ಮಾಲಕರ ಮನೆಯಿಂದ ನಮ್ಮವ್ವನನ್ನು ಮಾತಾಡಿಸಲು ಹೆಂಗಸರು ಬಂದರು. ಮಾಲಕರ ಹೆಂಡತಿ ಮುಂದೆ, ಆಗಿನ್ನೂ ಹೊಸ ಮದುವಣಗಿತ್ತಿಯಾಗಿದ್ದ ಸೊಸೆ ಹಿಂದೆ. ಸೊಸೆಯ ಎರಡೂ ಅಂಗೈ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಗಂಟು. ಹಣ್ಣಿರಬೇಕು ಅಂದುಕೊಂಡೆವು. ಬಿಚ್ಚಿದರೆ ಅಪ್ಪನ ಚಪ್ಪಲಿ. ಆಳಿನ ಕೈಯಲ್ಲಿ ಕೊಟ್ಟು ಕಳಿಸಬಹುದಿತ್ತು. ಯಾರೂ ಮುಟ್ಟಲು ಒಪ್ಪಲಿಲ್ಲವಂತೆ, ಸತ್ತವನ ಚಪ್ಪಲಿ ಎಂದು. ಅಷ್ಟು ದೊಡ್ಡ ಮನೆತನದ ಸೊಸೆ ಕೂಲಿಯವನ ಚಪ್ಪಲಿ ಹೊತ್ತು ಓಣಿಯಲ್ಲಿ ನಡೆದು ಬಂದದ್ದನ್ನು ನೋಡಿ ಜನ ಬಾಗಿಲಲ್ಲಿ ನಿಂತು ಪಿಸುಗುಟ್ಟಿದರು. ಅವರು ಅದನ್ನು ಹೊಸ್ತಿಲ ಪಕ್ಕ ಜೋಡಿಸಿ ಇಟ್ಟರು, ಮನುಷ್ಯ ಒಳಗಿದ್ದಾನೆ ಅನ್ನುವ ಹಾಗೆ.

ಅವ್ವ ಅಳುವುದು ನಿಲ್ಲಿಸಿ ಚಪ್ಪಲಿ ನೋಡಿದಳು. ಆಮೇಲೆ ಅಂದಳು: "ಮನುಷ್ಯಾನ್ನ ಕಳಿಸಿಕೊಟ್ಟಿದ್ದೆ ತಾಯಿ. ನೀವು ಚಪ್ಪಲ್ ತಂದೀರಲ್ಲ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸೊಸೆ ಮುಚ್ಚಿಕೊಳ್ಳಲಿಲ್ಲ. ಬಾಗಿ ಅವ್ವನ ಕಾಲು ಮುಟ್ಟಿ ಹೊರಟುಹೋದರು.

ಆಮೇಲೆ ಅಣ್ಣ ಅಪ್ಪನ ಡ್ರಿಲ್ಲು ಹಿಡಿದ. ಮತ್ತೇನು ಮಾಡುವುದು, ಕೈಗೆ ಬರುವ ಕೆಲಸ ಅದೊಂದೇ. ನನಗೆ ನಾಲ್ಕಕ್ಷರ ಬರುತ್ತಿತ್ತೆಂದು ಕಾಟಾಕ್ಕೆ ಹಾಕಿದರು. ಮೇಲೆ ಕೂತು ಲಾರಿ ತೂಗುವಾಗೆಲ್ಲ ನನ್ನ ಒಂದು ಕಿವಿ ಕೆಳಗೆ ಇರುತ್ತಿತ್ತು. ಅಣ್ಣನ ಡ್ರಿಲ್ಲು ನಿಂತರೆ ನನ್ನ ಎದೆ ನಿಲ್ಲುತ್ತಿತ್ತು. ಆ ಮನೆಯವರ ಉಪ್ಪು ತಿನ್ನುತ್ತಲೇ ಆ ಮನೆಯವರ ಮೇಲೆ ಹಲ್ಲು ಕಡಿಯುತ್ತಿದ್ದೆ. ಹೀಗಿದ್ದಾಗಲೇ ಸೊಸೆ ಹೆಲ್ಮೆಟ್ಟು ಹಾಕಿಕೊಂಡು ಬಂದದ್ದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಬಂದರು ಎಂದು ನಾನು ನಕ್ಕದ್ದರಲ್ಲಿ ತಪ್ಪೇನಿಲ್ಲ.

ಮೊದಲ ದಿನ ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂಡಿಸಿ ಅವರು ಆಡಿದ ಮಾತು ನೆನಪಿದೆ. ಭಾಷಣ ಬರುತ್ತಿರಲಿಲ್ಲ ಅವರಿಗೆ.

"ನಾ ಒಂದೇ ಮಾತ ಹೇಳಾಕತ್ತೇನಿ. ಕಲ್ಲು ಕಮ್ಮಿ ಬಂದ್ರ ನಾ ಯಾರಿಗೂ ಏನೂ ಅನ್ನಂಗಿಲ್ಲ. ಇನ್ನೊಂದ್ ಜೋಡಿ ಚಪ್ಪಲ್ ಮಾತ್ರ ನಾ ಯಾರ ಮನಿಗೂ ಹೊರಂಗಿಲ್ಲ."

ಹೇಳುವಾಗ ನನ್ನ ಕಡೆಗೂ ನೋಡಲಿಲ್ಲ, ಅಣ್ಣನ ಕಡೆಗೂ ನೋಡಲಿಲ್ಲ. ನನ್ನ ನಗು ಅಲ್ಲಿಗೆ ನಿಂತಿತು. ಸಿಟ್ಟು ಇನ್ನೂ ನಿಂತಿರಲಿಲ್ಲ.

ಎಲ್ಲರಿಗೂ ಹೆಲ್ಮೆಟ್ಟು, ಎಲ್ಲರಿಗೂ ಬೂಟು ಬಂದವು. ಬೂಟು ನೋಡಿ ನಮ್ಮ ಗಂಡಸರು ಮದುಮಕ್ಕಳಾದರು. ಮರುದಿನ ಮನೆಯಿಂದಲೇ ಮೆಟ್ಟಿಕೊಂಡು, ಮೋಟರ್ ಸೈಕಲ್ಲಿನ ಮೇಲೆ ಕಾಲು ಅಗಲಿಸಿ ಎಲ್ಲರಿಗೂ ಕಾಣುವಂತೆ ಬಂದರು. ಬಂದವರು ಬೇವಿನ ಗಿಡದ ಕೆಳಗೆ ಬೂಟು ಬಿಚ್ಚಿ ಸಾಲಾಗಿ ಇಟ್ಟು, ಧೂಳು ಕೂಡದಂತೆ ಟವೆಲ್ಲು ಮುಚ್ಚಿ, ಬರಿಗಾಲಲ್ಲಿ ಕೆಳಗೆ ಇಳಿದರು. ಸಂಜೆ ಮೇಲೆ ಬಂದು ಮತ್ತೆ ಮೆಟ್ಟಿಕೊಂಡು ಗತ್ತಿನಿಂದ ಊರಿಗೆ ಹೋದರು.

ವೈನಿ ಎರಡು ದಿನ ಮಷೀನಿನ ಹತ್ತಿರ ಇದ್ದುದರಿಂದ ಇದು ತಿಳಿಯಲಿಲ್ಲ. ಆಮೇಲೆ ಒಂದು ಮುಂಜಾನೆ ಕೆಳಗೆ ಇಳಿದರು. ಇಳಿಯುವಾಗ ಒಂದು ಕೈಯಿಂದ ಗೋಡೆ ಸವರುತ್ತ ಇಳಿಯುತ್ತಿದ್ದರು. ಎತ್ತರದಿಂದ ಕೆಳಗೆ ನೋಡಿದರೆ ತಲೆ ತಿರುಗುತ್ತಿತ್ತು ಅವರಿಗೆ. ಅದು ಕೊನೆಯವರೆಗೂ ಹೋಗಲಿಲ್ಲ, ಇಳಿಯುವುದನ್ನೂ ಅವರು ಬಿಡಲಿಲ್ಲ. ಇಳಿದು ನೋಡಿದರೆ ಎಲ್ಲರ ತಲೆಯ ಮೇಲೂ ಹಳದಿ ಹೆಲ್ಮೆಟ್ಟು, ಕೆಳಗೆ ಕಲ್ಲಿನ ಚೂರಿನ ಮೇಲೆ ಬರಿಯ ಬೆರಳುಗಳು. ಅವರು ಮೇಲೆ ಬಂದು ಟವೆಲ್ಲು ಸರಿಸಿ ಬೂಟಿನ ಸಾಲು ನೋಡಿದರು.

"ಇಷ್ಟು ಚಂದ ಬೂಟು ಕಾಯೋ ದೇವ್ರು ಎಲ್ಲೂ ಇಲ್ಲ ಬಿಡ್ರಿ" ಅಂದರು.

ನಮ್ಮ ಮುಕಾದಮ ಮುಂದೆ ಬಂದ. ಕೂಲಿಯವರನ್ನು ನೋಡಿಕೊಳ್ಳುವವನೂ ಅವನೇ, ಖಣಿಯವ್ವನ ಪೂಜೆ ಮಾಡುವವನೂ ಅವನೇ. ಬೇಮಳಖೇಡದ ಕುರಿ ಸಾಕುವ ಮನೆತನದವನು, ಬಿಳಿ ಮೀಸೆ, ಹಠದಲ್ಲಿ ಟಗರು. ವೈನಿ ಅವನನ್ನು ಕಾಕಾ ಅನ್ನುತ್ತಿದ್ದರು.

"ಅವ್ವನ ಹೊಟ್ಟ್ಯಾಗ ಬೂಟು ಮೆಟ್ಟಿ ಹ್ಯಾಂಗ ಇಳೀಬೇಕ್ರಿ ವೈನಿ? ತಲಿಗೆ ಹಾಕ್ಕೋ ಅಂದ್ರಿ, ಹಾಕ್ಕೊಂಡೀವಿ. ಕಾಲಿಂದು ಮಾತ್ರ ಆಗಂಗಿಲ್ರಿ."

"ಕಾಕಾ, ಸುತ್ತಿಗಿ ಒಯ್ತೀರಿ, ಹಾರಿ ಒಯ್ತೀರಿ, ಡ್ರಿಲ್ ಒಯ್ತೀರಿ. ಅದು ಅವ್ವಗ ಚುಚ್ಚಂಗಿಲ್ಲೇನು?"

"ಅವು ಹತಾರ್ರೀ! ಖಂಡೇನವಮಿಗಿ ಪೂಜಿ ಆಗ್ಯಾವ. ಅವ್ವನೇ ಕೊಟ್ಟಂಗ."

ವೈನಿ ಸರಿಸಿದ ಟವೆಲ್ಲನ್ನು ಮತ್ತೆ ಬೂಟಿನ ಮೇಲೆ ಎಳೆದರು. "ಹಂಗಾರ ಖಂಡೇನವಮಿ ಬರ್ಲಿ" ಅಂದರು.

ಆಯುಧಪೂಜೆಯ ಆ ಹಬ್ಬ ದೂರವಿರಲಿಲ್ಲ. ಅಲ್ಲಿಯವರೆಗೆ ಬೂಟನ್ನೆಲ್ಲ ಮಷೀನಿನ ಹತ್ತಿರ ತೆಗೆದಿರಿಸಿ, ಕೆಳಗಿನ ಕೆಲಸ ನಿಲ್ಲಿಸಿ, ಮೇಲೆ ಬಿದ್ದಿದ್ದ ಕಲ್ಲನ್ನೇ ಮಷೀನಿಗೆ ಹಾಕಿಸಿದರು. ಮನೆಯಲ್ಲಿ ಮಾವನವರು ಎಷ್ಟು ಕೂಗಾಡಿದರೋ, ಆ ಅರ್ಧ ಬಾಯಿಯಲ್ಲಿ.

ಖಂಡೇನವಮಿಯ ದಿನ ಸುತ್ತಿಗೆ, ಹಾರೆ, ಡ್ರಿಲ್ಲು, ಲಾರಿಯ ಚಾವಿ ಎಲ್ಲ ತೊಳೆದು ಖಣಿಯವ್ವನ ಮುಂದೆ ಇಟ್ಟಿದ್ದೆವು. ವೈನಿ ಮಷೀನಿನ ಕಡೆಯಿಂದ ಬಂದರು. ತಲೆಯ ಮೇಲೆ ದೊಡ್ಡ ಬುಟ್ಟಿ. ಬುಟ್ಟಿಯ ತುಂಬ ಬೂಟು. ಎರಡೂ ಕೈಯಲ್ಲಿ ಹಿಡಿದು, ಸೆರಗಿನ ಮೇಲೆ ಸಿಂಬಿ ಇಟ್ಟುಕೊಂಡು, ಹೊಲಕ್ಕೆ ಬುತ್ತಿ ಒಯ್ಯುವವರ ಹಾಗೆ ನಡೆದು ಬಂದರು. ಗಂಡಸರೆಲ್ಲ ಎದ್ದು ನಿಂತೆವು. ಅವರ ಗಂಡ ಓಡಿಬಂದು ಬುಟ್ಟಿಗೆ ಕೈ ಹಾಕಿದರು, ಕೊಡಲಿಲ್ಲ. ಮುಕಾದಮನ ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ತಲಿ ಮ್ಯಾಲ ಯಾಕ ಹೊತ್ತೀರಿ ವೈನಿ, ಇಳಸ್ರಿ, ಇಳಸ್ರಿ."

"ಕೆರ ತಲಿ ಮ್ಯಾಲ ಹೊತ್ತವರ ಊರದು ನಮ್ದು, ಕಾಕಾ. ಮರತ್ರೇನು?"

ಕಲ್ಯಾಣದ ಸೀಮೆಯಲ್ಲಿ ಹುಟ್ಟಿದವರಿಗೆ ಆ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶರಣ ದಂಪತಿ ತಮ್ಮ ತೊಡೆಯ ಚರ್ಮದಿಂದ ಮಾಡಿ ತಂದ ಚಮ್ಮಾವುಗೆಯನ್ನು ಕಲ್ಯಾಣದ ಮಂತ್ರಿಯೇ ಕಾಲಿಗೆ ಮೆಟ್ಟಲಾರೆನೆಂದು ತಲೆಯ ಮೇಲೆ ಹೊತ್ತುಕೊಂಡದ್ದನ್ನು ನಾವು ತೊಟ್ಟಿಲಲ್ಲೇ ಕೇಳಿದವರು. ಬುಟ್ಟಿ ಇಳಿಸಲು ಮುಕಾದಮನೇ ಕೈ ಕೊಟ್ಟ. ಒಂದೊಂದೇ ಬೂಟು ಎತ್ತಿ ವಿಭೂತಿ ಹಚ್ಚಿದ, ಕುಂಕುಮ ಇಟ್ಟ, ಹೂವು ಏರಿಸಿದ. ಕಾಯಿ ಒಡೆದು ಎಲ್ಲರಿಗೂ ಕೇಳುವಂತೆ ಹೇಳಿದ: "ಇನ್ನ ಇವು ಚಪ್ಪಲ್ ಅಲ್ರೋ. ಹತಾರ. ಬಿಟ್ಟು ಇಳದವ ಸುತ್ತಿಗಿ ಬಿಟ್ಟು ಇಳದಂಗ."

ಅವತ್ತು ಪ್ರಸಾದ ಕೊಡಲು ವೈನಿ ಕಾಟಾದ ಕೋಣೆಗೆ ಬಂದರು. ಕೊಟ್ಟು ಹೋಗಲಿಲ್ಲ, ಬಾಗಿಲಿಗೆ ಆತು ನಿಂತರು.

"ಭಾರ ಆಗಲಿಲ್ಲೇನ್ರಿ?" ಅಂತ ಕೇಳಿದೆ. ಏನಾದರೂ ಮಾತಾಡಬೇಕಿತ್ತು.

"ಅವತ್ತಿನ ಒಂದ್ ಜೋಡಿ ಭಾರ ಇತ್ತು" ಅಂದರು. "ನಿಮ್ಮ ಓಣಿ ಎಷ್ಟ್ ದೂರ ಅನಸ್ತು ನನಗ. ಇವು ಹಗುರ ಅವ."

ನನ್ನ ಸಿಟ್ಟು ಹೋದದ್ದು ಆವಾಗ. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಹಬ್ಬದ ದಿನ ಇವನಿಗೇನು ಕಾಟಾ ಎಂದು ಅವನ ಮೇಲೆ ರೇಗಿ ಮುಖ ತಿರುಗಿಸಿಕೊಂಡೆ.

ಬೂಟಿನ ಕೆಲಸ ಸುಲಭದ್ದು. ಗೋಡೆಯ ಕೆಲಸ ಕಠಿಣ. ನೆಟ್ಟಗಿದ್ದ ಗೋಡೆಯನ್ನು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತ ಬಂದರೆ, ಬಿದ್ದ ಕಲ್ಲು ಮೆಟ್ಟಿಲ ಮೇಲೆ ನಿಲ್ಲುತ್ತದೆ, ಮನುಷ್ಯನ ಮೇಲೆ ಬರುವುದಿಲ್ಲ. ಕಾಯ್ದೆಯೂ ಹಾಗೇ ಹೇಳುತ್ತದೆ. ಆದರೆ ಕಾಯ್ದೆ ಬೀದರದಲ್ಲಿತ್ತು, ಖಣಿ ಇಲ್ಲಿತ್ತು. ಮೆಟ್ಟಿಲು ಕಡಿಯಬೇಕಾದರೆ ಗೋಡೆಯ ತಲೆ ಹಿಂದಕ್ಕೆ ಸರಿಯಬೇಕು. ಹಿಂದೆ ಇರುವುದು ಮಾಲಕರ ತೊಗರಿ ಹೊಲ, ಅವರ ಅಪ್ಪ ಕೊಂಡ ಕರಿ ಭೂಮಿ. ಅದರ ಅಂಚನ್ನು ಖಣಿಗೆ ಬಿಡು ಅಂದರೆ ಕರುಳು ಬಿಡು ಅಂದಂತೆ.

ವೈನಿ ಮುಕಾದಮನನ್ನೂ ನನ್ನನ್ನೂ ಜೊತೆಗೆ ಮನೆಗೆ ಕರೆದೊಯ್ದರು. ಒಬ್ಬರೇ ಕೇಳಿದರೆ ಸೊಸೆಯ ಮಾತಾಗುತ್ತದೆ, ಮೂವರು ನಿಂತರೆ ಖಣಿಯ ಮಾತಾಗುತ್ತದೆ ಎಂದು. ಮಾಲಕರು ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಒಂದು ಕೈ ಮಡಿಲಲ್ಲಿ ಸತ್ತುಬಿದ್ದಿತ್ತು. ಸೊಸೆ ಎದುರು ಕೂರಲಿಲ್ಲ, ಕಂಬದ ಪಕ್ಕ ಸೆರಗು ಸರಿಮಾಡಿಕೊಂಡು ನಿಂತರು. ಮಾಲಕರು ಕೇಳಿದರು, ತಲೆ ಅಲ್ಲಾಡಿಸಿದರು. ಹೊಲ ಕಡಿಯುವ ಮಾತೇ ಬೇಡ. ಇಷ್ಟು ವರ್ಷ ನಡೆದಿಲ್ಲವೇ?

"ಇಷ್ಟ್ ವರ್ಷ ನಡದದ ಮಾವಾರ" ಅಂದರು ವೈನಿ. ನನ್ನ ಕಡೆಗೆ ಕೈ ತೋರಿಸಿದರು. "ಇವರ ಮನಿಗೆ ನಾನೇ ನಡಕೋತ ಹೋಗಿದ್ನಿ."

ಮಾಲಕರು ನನ್ನನ್ನು ನೋಡಿ ಕಣ್ಣು ಕೆಳಗೆ ಹಾಕಿದರು. ಆದರೂ ತಲೆ ಅಲ್ಲಾಡುತ್ತಿತ್ತು.

ಆಗ ವೈನಿ ಆಡಿದ ಮಾತು ಕೇಳಿ ಮುಕಾದಮ ಕೂಡ ಕಂಬಕ್ಕೆ ಕೈ ಊರಿದ. "ಮಾವಾರ, ನಮ್ಮಾಗ ಯಾರರ ಸತ್ರ ಕುಣಿ ತೋಡ್ತೀವಿ. ಆ ಕುಣಿಗೆ ಮೆಟ್ಟಲ ಕಡೀತೀವಿ. ಮಣ್ಣು ಕುಸೀಬಾರ್ದು, ಇಳಿಯವ್ರಿಗಿ ತ್ರಾಸ ಆಗಬಾರ್ದು ಅಂತ. ಸತ್ತವ್ರ ಕುಣಿಗೆ ಕಡೀತೀವಿ. ಜೀವಂತ ಇದ್ದವ್ರು ದಿನಾ ಇಳಿಯೋ ಕುಣಿಗೆ ಕಡಿಯಂಗಿಲ್ಲೇನ್ರಿ?"

ಸೊಸೆ ಮಾವನಿಗೆ ಕುಣಿಯ ಮಾತು ಆಡುವುದೇ, ಅದೂ ಹಾಸಿಗೆ ಹಿಡಿದ ಮಾವನಿಗೆ? ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತು ಬಾಯಿಗೆ ಕೈ ಇಟ್ಟುಕೊಂಡಿದ್ದರು. ಮಾಲಕರು ಸತ್ತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ದಿಂಬಿನ ಮೇಲೆ ಇಟ್ಟುಕೊಂಡರು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ಅಂದರು:

"ತೊಗರಿ... ಬಂದದ. ಕೊಯ್ದ ಮ್ಯಾಲ... ಕಡಿ."

ಹೊರಗೆ ಬಂದ ಮೇಲೆ ಮುಕಾದಮ ತಂಬಾಕು ತಿಕ್ಕುತ್ತ, "ಜಬರ್ದಸ್ತ್ ಮಾತಾಡಿದ್ರಿ" ಅಂದ. "ಸುಮ್ನಿರ್ರಿ ಕಾಕಾ, ಅತ್ತಿಯವ್ರು ಇವತ್ತ ನನಗ ಊಟಕ್ಕ ಹಾಕಂಗಿಲ್ಲ" ಅಂದರು ವೈನಿ. ಆವತ್ತು ನಾನು ಅವರ ನಗು ನೋಡಿದೆ. ಅಪರೂಪದ್ದು.

ತೊಗರಿ ಕೊಯ್ದ ಮೇಲೆ ಮೆಟ್ಟಿಲು ಕಡಿದೆವು. ಮಷೀನಿನ ಬಾಯಿಗೆ ನೀರಿನ ಪೈಪು ಬಂತು, ಧೂಳು ಕುಂತಿತು. ಸಿಡಿಮದ್ದಿನ ಬಾರು ಹಾರಿಸುವ ಮುಂಚೆ ಸೀಟಿ ಊದಿ, ದನ ಕಾಯುವವರನ್ನೂ ಎಬ್ಬಿಸಿ ಕಳಿಸುವುದು ರೂಢಿಯಾಯಿತು. ಅವರದು ಸಿಹಿ ಸ್ವಭಾವವೇನಲ್ಲ. ಹೊಗಳುವುದು ಗೊತ್ತೇ ಇರಲಿಲ್ಲ. ನನ್ನ ಅಣ್ಣ ಒಮ್ಮೆ ಸೆಕೆ ಎಂದು ಹೆಲ್ಮೆಟ್ಟು ತೆಗೆದು ಪಕ್ಕಕ್ಕೆ ಇಟ್ಟಿದ್ದಕ್ಕೆ ಎಲ್ಲರ ಎದುರು ಬೈದು ಮನೆಗೆ ಕಳಿಸಿದರು. ಅವನು ಮನೆಗೆ ಬಂದು ಹಾರಾಡಿದ. ಅವ್ವ ರೊಟ್ಟಿ ಬಡಿಯುವ ಕೈಯಲ್ಲೇ ಅವನ ಬೆನ್ನಿಗೊಂದು ಕೊಟ್ಟಳು. "ಆಕಿ ಬೈದ್ಲಂತ ಅಳಾಕತ್ತಿ? ನಿಮ್ಮಪ್ಪಗ ಬಯ್ಯವ್ರು ಇರ್ಲಿಲ್ಲ ನೋಡು."

ದಿನಾ ಸಂಜೆ ಅವರು ಬೇವಿನ ಗಿಡದ ಕೆಳಗೆ ಬಂದು ನಿಲ್ಲುತ್ತಿದ್ದರು. ಕೊನೆಯವನು ಮೇಲೆ ಬರುವವರೆಗೆ ತಮ್ಮ ಹೆಲ್ಮೆಟ್ಟು ತೆಗೆಯುತ್ತಿರಲಿಲ್ಲ, ಮತ್ತೊಬ್ಬರಿಗೂ ತೆಗೆಯಗೊಡುತ್ತಿರಲಿಲ್ಲ. ಎಲ್ಲರೂ ಬಂದ ಮೇಲೆ ಮುಕಾದಮ ಹೇಳಬೇಕು:

"ಎಲ್ಲಾರೂ ಮ್ಯಾಲ ಬಂದಾರ್ರಿ ವೈನಿ."

"ಏನಾತು ಇವತ್ತು?"

"ಏನೂ ಆಗ್ಲಿಲ್ರಿ."

"ಛಲೋ ಆತು. ನಡೀರಿ ಮನಿಗೆ."

ಇಷ್ಟೇ. ಮಂತ್ರದ ಹಾಗೆ ದಿನಾ ಇದೇ. ಅಣ್ಣ ಇದನ್ನು ಮನೆಯಲ್ಲಿ ಅಣಕಿಸಿ ತೋರಿಸುತ್ತಿದ್ದ. ಅವ್ವ ಮಾತ್ರ ಅಣಕ ಎಂದುಕೊಳ್ಳಲಿಲ್ಲ. ಅಣ್ಣನ ಬೂಟಿನ ಸಪ್ಪಳ ಬಾಗಿಲಿಗೆ ಕೇಳಿದ ಕೂಡಲೇ ಒಳಗಿಂದ "ಏನಾತು ಇವತ್ತು?" ಅನ್ನತೊಡಗಿದಳು. "ಏನೂ ಆಗಿಲ್ಲಬೇ" ಎಂದು ಅವನು ಹೇಳಿದ ಮೇಲೇ ಒಲೆಯ ಮೇಲೆ ಹಂಚು ಏರುತ್ತಿತ್ತು.

ಒಂದು ಮಳೆಗಾಲ ಬಿಡದೆ ಸುರಿಯಿತು. ಮಳೆ ನಿಂತ ಮರುದಿನ ಹೆದ್ದಾರಿ ಕೆಲಸದವರ ಲಾರಿಗಳು ಕಾಟಾದಿಂದ ರಸ್ತೆಯವರೆಗೂ ಸಾಲು ಹಚ್ಚಿದವು. ಗೋಡೆಯಲ್ಲಿ ನೀರು ಜಿನುಗುತ್ತಿದೆ, ಒಣಗುವವರೆಗೆ ಯಾರೂ ಇಳಿಯಬಾರದು ಎಂದರು ವೈನಿ. ಡ್ರೈವರುಗಳು ಅವರಿಗೆ ಬಯ್ಯಲಾರದೆ ನನಗೆ ಬೈದರು. ನನ್ನ ತಾತ ಮುತ್ತಾತಂದಿರೆಲ್ಲ ಆವತ್ತು ಕಾಟಾಕ್ಕೆ ಬಂದು ಹೋದರು. ಗುತ್ತಿಗೆದಾರರು ಮಾಲಕರಿಗೆ ಫೋನು ಮಾಡಿದರು. ವೈನಿ ಇಳಿಜಾರಿನ ಬಾಯಿಗೆ ಅಡ್ಡ ಕಟ್ಟಿದ ಹಗ್ಗದ ಪಕ್ಕ ಕುರ್ಚಿ ಹಾಕಿಕೊಂಡು, ಸಜ್ಜಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತ ಕೂತರು. ಗೋಡೆ ಒಣಗಿತು. ಒಂದು ಕಲ್ಲೂ ಬೀಳಲಿಲ್ಲ.

ಮುಕಾದಮನಿಗೆ ತಡೆಯಲಾಗಲಿಲ್ಲ. "ಏನೂ ಬೀಳ್ಲೇ ಇಲ್ಲಲ್ರಿ ವೈನಿ. ಸುಮ್ನ ಹೈರಾಣ ಆದ್ವಿ."

"ಹೌದು ಕಾಕಾ, ಏನೂ ಬೀಳ್ಲಿಲ್ಲ. ಅದನ್ನ ಕೇಳಾಕೇ ಕುಂತಿದ್ನಿ ನಾ."

ಬಿದ್ದ ಕಲ್ಲನ್ನು ಜನ ಬದುಕಿರುವವರೆಗೆ ನೆನೆಯುತ್ತಾರೆ. ಬೀಳದ ಕಲ್ಲಿಗೆ ಯಾರೂ ಕೈಮುಗಿಯುವುದಿಲ್ಲ. ಅವರ ಕೆಲಸವೆಲ್ಲ ಆ ಎರಡನೆಯ ಥರದ್ದಾಗಿತ್ತು. ನನ್ನ ಅಣ್ಣನಿಗೆ ಈಗ ಅಪ್ಪನಿಗಿಂತ ವಯಸ್ಸಾಗಿದೆ. ಗದ್ದದಲ್ಲಿ ಬಿಳಿ ಕೂದಲು ಬಂದಿದೆ. ಅವನು ಕನ್ನಡಿಯ ಮುಂದೆ ನಿಂತು ಅದನ್ನು ಕೀಳುವಾಗ, ಈ ಬಿಳಿ ಕೂದಲು ನೋಡಲು ಅಪ್ಪ ಉಳಿಯಲಿಲ್ಲವಲ್ಲ ಅನ್ನಿಸುತ್ತದೆ. ಅಣ್ಣನಿಗೆ ಅದು ಬರುವಷ್ಟು ಆಯುಷ್ಯ ಯಾರಿಂದ ಸಿಕ್ಕಿತು ಎಂಬುದೂ ಗೊತ್ತಿದೆ.

ಮಾಲಕರು ತೀರಿಕೊಂಡರು. ಅದಾದ ಮೇಲೆ ಕೆಲವು ವರ್ಷ ಖಣಿ ಪೂರ್ತಿ ವೈನಿಯದೇ ಆಗಿತ್ತು. ಆಮೇಲೆ ಅವರ ಹೊಟ್ಟೆಯಲ್ಲಿ ಗಡ್ಡೆ ಎಂದರು. ಹೈದರಾಬಾದಿಗೆ ಹೋಗುವುದು ಬರುವುದು ನಡೆಯಿತು. ಸೀರೆಯ ನಿರಿಗೆ ಹೆಚ್ಚಾಗುತ್ತ ಬಂತು, ಮುಖ ಹೆಲ್ಮೆಟ್ಟಿನೊಳಗೆ ಸಣ್ಣದಾಗುತ್ತ ಬಂತು. ಆಸ್ಪತ್ರೆಯಿಂದ ಕೂಡ ಸಂಜೆ ಫೋನು ಬರುತ್ತಿತ್ತು, ಮುಕಾದಮನಿಗೆ. "ಏನಾತು ಇವತ್ತು?" ಅಷ್ಟೇ ಕೇಳುತ್ತಿದ್ದರು. ಮುಕಾದಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಎದ್ದು ನಿಂತು ಹೇಳುತ್ತಿದ್ದ. ಒಂದು ಸಂಜೆ ಫೋನು ಬರಲಿಲ್ಲ. ಅವನು ಕತ್ತಲಾಗುವವರೆಗೆ ಹೆಲ್ಮೆಟ್ಟು ತೆಗೆಯದೆ ಗಿಡದ ಕೆಳಗೆ ಕೂತಿದ್ದ.

ಮರುದಿನ ಅವರನ್ನು ತಂದರು. ಮಾವನವರ ಸಮಾಧಿಯ ಪಕ್ಕ, ತೊಗರಿ ಹೊಲದಲ್ಲಿ, ಜಾಗ ನೋಡಿದರು. ಕುಣಿ ನಾವೇ ತೋಡುತ್ತೇವೆ ಎಂದು ಮುಕಾದಮ ಅವರ ಗಂಡನಿಗೆ ಹೇಳಿದ, ಕೇಳಲಿಲ್ಲ, ಹೇಳಿದ. ಖಣಿಯವರೆಲ್ಲ ಕೆಲಸಕ್ಕೆ ಬರುವ ಹಾಗೆ ಬಂದರು, ಹೆಲ್ಮೆಟ್ಟು, ಬೂಟು ಹಾಕಿಕೊಂಡು. ಮನೆತನದ ಹಿರಿಯರೊಬ್ಬರು ಬದುವಿನಲ್ಲೇ ತಡೆದರು.

"ಸಮಾಧಿ ಜಾಗ ಅದ. ಬೂಟು ಬಿಟ್ಟು ಬರ್ರಪ್ಪಾ."

"ಅವು ಚಪ್ಪಲ್ ಅಲ್ರಿ ಸಾಹೇಬ್ರ" ಅಂದ ಮುಕಾದಮ. "ಹತಾರ. ಬಿಟ್ಟು ಇಳದ್ರ ಆಕಿ ಎದ್ದು ಬೈತಾಳ."

ಮೇಲೆ ಕರಿ ಮಣ್ಣು, ಕೆಳಗೆ ಗರಸಿನಂಥ ಗಟ್ಟಿ ಮೊರಂ. ಅಣ್ಣ ತೋಡಿದ, ಎಲ್ಲರೂ ಸರದಿಯ ಮೇಲೆ ತೋಡಿದರು. ನಾನು ಕಾಟಾದವನು, ನನ್ನ ಕೈಗೆ ಬೊಬ್ಬೆ ಬಂತು, ಬಿಡಲಿಲ್ಲ. ಮೆಟ್ಟಿಲನ್ನು ಮುಕಾದಮ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಮುದುಕ ಮೊಣಕಾಲೂರಿ ತಾನೇ ಕಡಿದ, ಅಂಗೈಯಿಂದ ಸವರಿ ಸಮ ಮಾಡಿದ. ಆಕೆ ಕಲಿಸಿದ ಹಾಗೆ ಅಗಲ, ಆಕೆ ಕಲಿಸಿದ ಹಾಗೆ ಇಳಿಜಾರು. ಕಡಿಯುತ್ತ ಕಡಿಯುತ್ತ ಅಳುತ್ತಿದ್ದ.

ಕುಣಿಯ ಪಕ್ಕ ಹೆಗಲ ಮೇಲೆ ಹೊತ್ತು ತಂದ ಹೂವಿನ ವಿಮಾನದಲ್ಲಿ ವೈನಿಯನ್ನು ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು. ಕೆನ್ನೆಯ ಮೇಲೆ ವರ್ಷಗಟ್ಟಲೆ ಒತ್ತಿ ಕಪ್ಪುಗಟ್ಟಿದ ಪಟ್ಟಿಯ ಆ ಎರಡು ಗೆರೆ ಹಾಗೇ ಇದ್ದವು. ಒಬ್ಬೊಬ್ಬರಾಗಿ ನಾವು ಕುಣಿಯಿಂದ ಮೇಲೆ ಬಂದೆವು. ಕೊನೆಗೆ ಮುಕಾದಮ ಬಂದ. ಕುಣಿಯೊಳಗೆ ಒಮ್ಮೆ ಬಗ್ಗಿ ನೋಡಿದ. ಅವರ ಕಡೆ ತಿರುಗಿ, ದಿನಾ ನಿಲ್ಲುವ ಹಾಗೆ ನಿಂತ.

"ಎಲ್ಲಾರೂ ಮ್ಯಾಲ ಬಂದಾರ್ರಿ, ವೈನಿ."

ಮಠದ ಅಯ್ಯನವರು ಮಂತ್ರ ನಿಲ್ಲಿಸಿದರು. ಮುಕಾದಮ ಕಾಯುತ್ತ ನಿಂತ. ಅವರು ಕೇಳದಿದ್ದರೆ ಅವನು ಮುಂದಿನ ಮಾತು ಹೇಳುವುದು ಹೇಗೆ? ನಾವೂ ಹೆಲ್ಮೆಟ್ಟು ಹಾಕಿಕೊಂಡೇ ನಿಂತೆವು. ಯಾರಿಗೂ ತೆಗೆಯಲು ಕೈ ಬರಲಿಲ್ಲ.

ಹೆಂಗಸರ ಗುಂಪಿನಿಂದ ನಮ್ಮವ್ವ ಎದ್ದು ಬಂದಳು. ಬೆನ್ನು ಬಾಗಿದೆ ಅವಳಿಗೆ ಈಗ, ಕೋಲು ಊರಿಕೊಂಡು ಬಂದಳು. ವಿಮಾನದ ಪಕ್ಕ ನಿಂತು ವೈನಿಯ ಮೊಣಕಾಲ ಮೇಲೆ ಕೈ ಇಟ್ಟಳು.

"ಏನಾತಪ್ಪಾ ಇವತ್ತು?" ಅಂದಳು.

"ಏನೂ ಆಗ್ಲಿಲ್ಲಬೇ" ಅಂದ ಮುಕಾದಮ.

"ಛಲೋ ಆತು" ಅಂದಳು ಅವ್ವ. "ನಡೀರಿ ಮನಿಗೆ."

ಆಗ ಅಣ್ಣ ಹೆಲ್ಮೆಟ್ಟು ತೆಗೆದ. ಆಮೇಲೆ ನಾವೆಲ್ಲ ತೆಗೆದೆವು.